ಒಂದೇ ಬೆನ್ನು, ಮೂರು ಡಿಗ್ರಿ: ಆಪರೇಷನ್‌ಗೆ ಮುಂಚೆ ಅಳತೆ ಓದುವುದು ಹೇಗೆ?

ಪ್ರಶ್ನೆ: ಡಾಕ್ಟರೇ, ನಮಸ್ಕಾರ. ನಾವು ಹಾಸನ ಜಿಲ್ಲೆಯವರು. ಮಗಳಿಗೆ ಹದಿಮೂರೂವರೆ ವರ್ಷ, ಎಂಟನೇ ಕ್ಲಾಸು. ಮುಟ್ಟು ಶುರುವಾಗಿ ಏಳು ತಿಂಗಳಾಯ್ತು. ಜಡೆ ಹಾಕುವಾಗ ಬಲಗಡೆ ಬೆನ್ನು ಉಬ್ಬಿರೋದು ನೋಡಿ ಊರಲ್ಲೇ ಎಕ್ಸ್‌ರೇ ತೆಗೆಸಿದೆವು. ಟೇಬಲ್ ಮೇಲೆ ಮಲಗಿಸಿ ತೆಗೆದರು. ಸ್ಕೋಲಿಯೋಸಿಸ್, ಅಂದ್ರೆ ಬೆನ್ನುಮೂಳೆ ಪಕ್ಕಕ್ಕೆ ಬಾಗಿದೆ, 38 ಡಿಗ್ರಿ ಅಂದರು. ಎರಡು ತಿಂಗಳಾದ ಮೇಲೆ ಬೆಂಗಳೂರಿನ ಆಸ್ಪತ್ರೆಯಲ್ಲಿ ನಿಲ್ಲಿಸಿ ತೆಗೆದಾಗ 47 ಬಂತು. ಅದೇ ಫಿಲ್ಮನ್ನು ಇನ್ನೊಬ್ಬ ಡಾಕ್ಟರಿಗೆ ತೋರಿಸಿದರೆ 44 ಅಂದರು. ಒಬ್ಬರು ಬೇಗ ಆಪರೇಷನ್ ಮಾಡಿಸಿ ಅಂತಾರೆ, ಇನ್ನೊಬ್ಬರು ನಾಲ್ಕು ತಿಂಗಳು ನೋಡೋಣ ಅಂತಾರೆ. ರಿಪೋರ್ಟಿನಲ್ಲಿ ರಿಸ್ಸರ್ 2, ಲೆಂಕೆ 1ಎ ಅಂತೆಲ್ಲ ಇದೆ, ಒಂದೂ ಅರ್ಥವಾಗಲಿಲ್ಲ. ಎರಡೇ ತಿಂಗಳಲ್ಲಿ 9 ಡಿಗ್ರಿ ಜಾಸ್ತಿ ಆಯ್ತಲ್ಲ ಅಂತ ನನಗೆ ನಿದ್ದೆ ಬರ್ತಿಲ್ಲ. ಅವಳಿಗೆ ನೋವೇನೂ ಇಲ್ಲ. ಸ್ಕೂಲ್ ಬ್ಯಾಗಿನ ಭಾರದಿಂದ ಹೀಗಾಯ್ತು, ಎಣ್ಣೆ ಹಾಕಿ ನೀವಿಸಿದರೆ ಸರಿಹೋಗುತ್ತೆ ಅಂತ ನಮ್ಮತ್ತೆ ಹೇಳ್ತಾರೆ. ಆಪರೇಷನ್ ಆದ ಮೇಲೆ ಅವಳಿಗೆ ಬಗ್ಗೋಕೆ ಆಗುತ್ತಾ? ಮುಂದೆ ಮದುವೆ, ಮಕ್ಕಳು?

ಉತ್ತರ: ನಿಮ್ಮ ನಿದ್ದೆ ಕೆಡಿಸಿರುವ ಆ 9 ಡಿಗ್ರಿಯಿಂದಲೇ ಶುರು ಮಾಡೋಣ. ಎರಡು ತಿಂಗಳಲ್ಲಿ ಮಗಳ ಬೆನ್ನು 9 ಡಿಗ್ರಿ ಹೆಚ್ಚು ಬಾಗಿದೆ ಎಂದು ಈ ರಿಪೋರ್ಟುಗಳನ್ನು ಇಟ್ಟುಕೊಂಡು ಯಾರೂ ಹೇಳಲಾರರು. ಮೊದಲ ಎಕ್ಸ್‌ರೇ ಮಲಗಿಸಿ ತೆಗೆದದ್ದು, ಎರಡನೆಯದು ನಿಲ್ಲಿಸಿ ತೆಗೆದದ್ದು. ನಿಂತಾಗ ತಲೆ, ತೋಳು, ಎದೆಗೂಡಿನ ಭಾರವೆಲ್ಲ ಬೆನ್ನುಮೂಳೆಯ ಮೇಲೆ ಬೀಳುತ್ತದೆ, ಬಾಗು ಹೆಚ್ಚುತ್ತದೆ. ಮಲಗಿದಾಗ ಆ ಭಾರವಿಲ್ಲ, ಬಾಗು ಅಷ್ಟಿಷ್ಟು ಬಿಚ್ಚಿಕೊಳ್ಳುತ್ತದೆ. ಈ ಗಾತ್ರದ ಬಾಗಿನಲ್ಲಿ ಮಲಗಿದ ಫಿಲ್ಮಿಗೂ ನಿಂತ ಫಿಲ್ಮಿಗೂ ಹತ್ತು ಡಿಗ್ರಿ ಆಸುಪಾಸಿನ ವ್ಯತ್ಯಾಸ ಬರುವುದು ಮಾಮೂಲು. ಅಂದರೆ ಆ ಎರಡು ತಿಂಗಳಲ್ಲಿ ಏನೂ ಬದಲಾಗದೆ ಇದ್ದಿರಬಹುದು, ಸ್ವಲ್ಪ ಹೆಚ್ಚಿರಲೂಬಹುದು. ಎರಡನ್ನೂ ಹೋಲಿಸುವಂತಿಲ್ಲ, ಅಷ್ಟೇ. ಆಪರೇಷನ್ ಬೇಕೇ ಬೇಡವೇ ಎಂದು ತೀರ್ಮಾನಿಸುವಾಗ ಲೆಕ್ಕಕ್ಕೆ ಬರುವುದು ನಿಂತು ತೆಗೆದ, ಇಡೀ ಬೆನ್ನು ಒಂದೇ ಫಿಲ್ಮಿನಲ್ಲಿ ಕಾಣುವ ಎಕ್ಸ್‌ರೇ. ಊರಲ್ಲಿ ತೆಗೆಸಿದ 38ನ್ನು ಇನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಈಗ 47 ಮತ್ತು 44. ಇವೆರಡೂ ಒಂದೇ ಫಿಲ್ಮಿನ ಅಳತೆ. ಇಬ್ಬರಲ್ಲಿ ಒಬ್ಬರು ತಪ್ಪು ಮಾಡಿದ್ದಾರೆ ಎಂದು ನಿಮಗೆ ಅನಿಸಿರಬಹುದು. ಹಾಗೇನಿಲ್ಲ. ಈ ಅಳತೆಗೆ ಕಾಬ್ ಕೋನ ಎನ್ನುತ್ತೇವೆ. ನ್ಯೂಯಾರ್ಕಿನ ಮೂಳೆ ತಜ್ಞ ಜಾನ್ ಕಾಬ್ 1948ರಲ್ಲಿ ಇದನ್ನು ವಿವರಿಸಿದರು, ಇವತ್ತಿಗೂ ಜಗತ್ತಿನಲ್ಲೆಲ್ಲ ಇದೇ ನಡೆಯುತ್ತಿದೆ. ಬಾಗಿನ ಮೇಲ್ತುದಿಯಲ್ಲಿ ಅತಿ ಹೆಚ್ಚು ಓರೆಯಾದ ಬೆನ್ನುಮೂಳೆಯ ಮಣಿ ಯಾವುದು ಎಂದು ಹುಡುಕಿ ಅದರ ಮೇಲಂಚಿಗೆ ಒಂದು ಗೆರೆ ಎಳೆಯುತ್ತೇವೆ. ಕೆಳತುದಿಯಲ್ಲಿ ಅತಿ ಹೆಚ್ಚು ಓರೆಯಾದ ಮಣಿಯ ಕೆಳಂಚಿಗೆ ಇನ್ನೊಂದು ಗೆರೆ. ಎರಡು ಗೆರೆಗಳ ನಡುವಿನ ಕೋನವೇ ನಿಮ್ಮ ರಿಪೋರ್ಟಿನ ಡಿಗ್ರಿ. ತೊಂದರೆ ಇರುವುದು ಆ ತುದಿಯ ಮಣಿಗಳನ್ನು ಆರಿಸುವಲ್ಲಿ. ಒಬ್ಬರು ಟಿ5ರಿಂದ ಟಿ12ರವರೆಗೆ ಅಳೆಯಬಹುದು, ಇನ್ನೊಬ್ಬರು ಟಿ6ರಿಂದ (ಟಿ ಎಂದರೆ ಎದೆಭಾಗದ ಮಣಿಗಳು, ಮೇಲಿನಿಂದ ಎಣಿಸಿದ್ದು). ಮಣಿಯ ಅಂಚು ಮಸುಕಾಗಿದ್ದರೆ ಗೆರೆ ಕೂದಲೆಳೆಯಷ್ಟು ಆಚೀಚೆಯಾಗುತ್ತದೆ. ಕಂಪ್ಯೂಟರಿನಲ್ಲಿ ಅಳೆದರೂ ಗೆರೆ ಎಲ್ಲಿ ಇಡಬೇಕೆಂದು ತೀರ್ಮಾನಿಸುವುದು ಮನುಷ್ಯನ ಕಣ್ಣೇ. ಆದ್ದರಿಂದ ಈ ಅಳತೆಯಲ್ಲಿ 3ರಿಂದ 5 ಡಿಗ್ರಿ ಹೆಚ್ಚುಕಮ್ಮಿ ಸಹಜ ಎಂದು ನಾವೆಲ್ಲ ಒಪ್ಪಿಕೊಂಡಿದ್ದೇವೆ. ನಾನೇ ಇವತ್ತು ಅಳೆದ ಫಿಲ್ಮನ್ನು ಮುಂದಿನ ವಾರ ಅಳೆದರೆ ಎರಡು ಮೂರು ಡಿಗ್ರಿ ಬೇರೆ ಬರುತ್ತದೆ. ನಿಮ್ಮ ವಿಷಯದಲ್ಲಿ 47 ಮತ್ತು 44 ಎರಡೂ ಒಂದೇ ಉತ್ತರ: ನಿಂತಾಗ ಸುಮಾರು 45.

ಇದರಿಂದ ಇನ್ನೊಂದು ಮಾತು ಹೊರಡುತ್ತದೆ. ಎರಡು ಭೇಟಿಗಳ ನಡುವೆ 5 ಡಿಗ್ರಿಗಿಂತ ಹೆಚ್ಚು ಏರಿದರೆ ಮಾತ್ರ ಬಾಗು ನಿಜವಾಗಿ ಹೆಚ್ಚಿದೆ ಎನ್ನಬಹುದು. 44 ಇದ್ದದ್ದು 46 ಆಯಿತು ಎಂದು ಕಂಗಾಲಾಗಬೇಡಿ. 49 ಇದ್ದದ್ದು 46ಕ್ಕೆ ಇಳಿಯಿತು, ಎಣ್ಣೆ ಕೆಲಸ ಮಾಡಿತು ಎಂದೂ ಹಿಗ್ಗಬೇಡಿ.

ಡಿಗ್ರಿಯೊಂದೇ ಇಡೀ ಕಥೆ ಹೇಳುವುದಿಲ್ಲ ಎಂಬುದು ಇದಕ್ಕಿಂತ ಮುಖ್ಯ. ಎಕ್ಸ್‌ರೇ ಚಪ್ಪಟೆ ಚಿತ್ರ. ಮಗಳ ಬೆನ್ನು ಬರೀ ಪಕ್ಕಕ್ಕೆ ವಾಲಿಲ್ಲ. ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡಿದೆ. ಮಣಿಗಳು ತಿರುಗಿದಾಗ ಅವುಗಳಿಗೆ ಅಂಟಿಕೊಂಡ ಪಕ್ಕೆಲುಬುಗಳೂ ತಿರುಗಿ ಹಿಂದಕ್ಕೆ ಬರುತ್ತವೆ. ಜಡೆ ಹಾಕುವಾಗ ನೀವು ನೋಡಿದ ಉಬ್ಬು ಅದೇ. ಕಾಬ್ ಕೋನದಲ್ಲಿ ಈ ತಿರುಚು ಕಾಣುವುದಿಲ್ಲ. ಅದಕ್ಕೇ ಮಗುವನ್ನು ಮುಂದಕ್ಕೆ ಬಗ್ಗಿಸಿ, ಬೆನ್ನಿನ ಮೇಲೆ ಸ್ಕೋಲಿಯೋಮೀಟರ್ ಎಂಬ ಪುಟ್ಟ ಅಳತೆಪಟ್ಟಿ ಇಟ್ಟು ನೋಡುತ್ತೇವೆ. ಒಂದೇ 45 ಡಿಗ್ರಿ ಇರುವ ಇಬ್ಬರು ಹುಡುಗಿಯರಲ್ಲಿ ಒಬ್ಬಳ ಉಬ್ಬು ಕುರ್ತಾ ಹಾಕಿದರೆ ಗೊತ್ತೇ ಆಗದಿರಬಹುದು, ಇನ್ನೊಬ್ಬಳದು ದೂರದಿಂದಲೇ ಕಾಣಬಹುದು.

ಪಕ್ಕದಿಂದ ತೆಗೆದ ಎಕ್ಸ್‌ರೇ ಕೂಡ ಇರಲೇಬೇಕು. ಪಕ್ಕದಿಂದ ನೋಡಿದರೆ ಎಲ್ಲರ ಮೇಲ್ಬೆನ್ನೂ ಸ್ವಲ್ಪ ದುಂಡಗಿರುತ್ತದೆ, ಸಾಮಾನ್ಯವಾಗಿ 20ರಿಂದ 40 ಡಿಗ್ರಿ. ಸೊಂಟದ ಹತ್ತಿರ ಒಳಕ್ಕೆ ಬಾಗಿರುತ್ತದೆ. ಇದು ದೋಷವಲ್ಲ, ಬೇಕಾದ ಬಾಗು. ಸ್ಕೋಲಿಯೋಸಿಸ್‌ನಲ್ಲಿ ಮೇಲ್ಬೆನ್ನಿನ ಆ ದುಂಡು ಎಷ್ಟೋ ಸಲ ಚಪ್ಪಟೆಯಾಗಿರುತ್ತದೆ. ಆಪರೇಷನ್ ಮಾಡಿ ಬೆನ್ನುಮೂಳೆಗೆ ಕೂರಿಸುವ, ಅಮೆರಿಕದ ಸರ್ಜನ್ ಪಾಲ್ ಹ್ಯಾರಿಂಗ್ಟನ್ ಅವರ ಹೆಸರಿನ ಸ್ಟೀಲ್ ರಾಡ್ 1960ರ ದಶಕದಿಂದ ಬಳಕೆಗೆ ಬಂತು. ಅದು ಪಕ್ಕದ ಬಾಗನ್ನು ಎಳೆದು ನೇರ ಮಾಡಿತು. ಆದರೆ ರಾಡ್ ಸೊಂಟದ ಕೆಳಗಿನವರೆಗೆ ಹೋದ ಕಡೆ ಒಳಬಾಗೂ ಚಪ್ಪಟೆಯಾಗಿ, ಕೆಲವರಿಗೆ ವಯಸ್ಸಾದ ಮೇಲೆ ನೆಟ್ಟಗೆ ನಿಲ್ಲುವುದೇ ಕಷ್ಟವಾಯಿತು. ಈಗಿನ ಸ್ಕ್ರೂ ಮತ್ತು ರಾಡ್ ಪದ್ಧತಿ ಈ ಪಾಠ ಕಲಿತೇ ಬೆಳೆದದ್ದು. ಹಾಗಾಗಿ ‘ಎಷ್ಟು ಡಿಗ್ರಿ ಕಮ್ಮಿ ಮಾಡ್ತೀರಿ?’ ಎಂದು ಕೇಳುವಾಗ ‘ಪಕ್ಕದ ಫಿಲ್ಮಿನಲ್ಲಿ ಬೆನ್ನು ಹೇಗಿದೆ, ಅದನ್ನು ಹೇಗೆ ಉಳಿಸ್ತೀರಿ?’ ಎಂದೂ ಕೇಳಿ.

ಇನ್ನು ರಿಸ್ಸರ್ 2. ಇದು ಬಾಗಿನ ಅಳತೆಯಲ್ಲ, ಬೆಳವಣಿಗೆ ಎಷ್ಟು ಬಾಕಿ ಇದೆ ಎಂಬುದರ ಗುರುತು. ಸೊಂಟದ ಮೂಳೆಯ ಮೇಲಂಚಿನಲ್ಲಿ ಹೊಸ ಮೂಳೆಯ ಪಟ್ಟಿಯೊಂದು ಹೊರಗಿನಿಂದ ಒಳಗೆ ಮೂಡುತ್ತಾ ಬರುತ್ತದೆ. ಏನೂ ಮೂಡದಿದ್ದರೆ 0, ಪೂರ್ತಿ ಮೂಡಿ ಕೂಡಿಕೊಂಡರೆ 5. ನಿಮ್ಮ ಮಗಳು 2ರಲ್ಲಿದ್ದಾಳೆ, ಮುಟ್ಟಾಗಿ ಏಳು ತಿಂಗಳು. ಹುಡುಗಿಯರು ಅತಿ ವೇಗವಾಗಿ ಉದ್ದವಾಗುವ ಕಾಲ ಸಾಮಾನ್ಯವಾಗಿ ಮುಟ್ಟಿಗೆ ಮುಂಚೆಯೇ ಬಂದುಹೋಗುತ್ತದೆ. ಆದ್ದರಿಂದ ಅತಿ ಅಪಾಯದ ಕಾಲ ಹೆಚ್ಚುಕಮ್ಮಿ ದಾಟಿದೆ. ಆದರೆ ಬೆಳವಣಿಗೆ ನಿಂತಿಲ್ಲ. ಇನ್ನೂ ಒಂದೂವರೆ ಎರಡು ವರ್ಷ ನಿಧಾನವಾಗಿ ನಡೆಯುತ್ತದೆ, ಅದರ ಜೊತೆ ಬಾಗೂ ಹೆಚ್ಚಬಹುದು. ರಿಸ್ಸರ್ ಒಂದನ್ನೇ ನೆಚ್ಚಿಕೊಳ್ಳದೆ ಎಡಗೈ ಬೆರಳುಗಳ ಎಕ್ಸ್‌ರೇ ತೆಗೆದು ಮೂಳೆಯ ವಯಸ್ಸು ನೋಡುವ ಪದ್ಧತಿಯೂ ಇದೆ. ನಿಮ್ಮ ಮಗಳಂಥವರ ವಿಷಯದಲ್ಲಿ ನಾನು ಅದನ್ನು ತಪ್ಪದೆ ಮಾಡಿಸುತ್ತೇನೆ.

ಹಾಗಾದರೆ 45-50 ಡಿಗ್ರಿ ಎಂದ ಕೂಡಲೇ ಸರ್ಜನ್‌ಗಳು ಆಪರೇಷನ್ ಮಾತು ಯಾಕೆ ಎತ್ತುತ್ತಾರೆ? ಇವತ್ತಿನ ತೊಂದರೆಗಾಗಿ ಅಲ್ಲ. ಅಮೆರಿಕದ ಐಯೋವಾದಲ್ಲಿ ಆಪರೇಷನ್ ಇಲ್ಲದೆ ಬದುಕಿದ ರೋಗಿಗಳನ್ನು ದಶಕಗಳ ಕಾಲ ಹಿಂಬಾಲಿಸಿ ನೋಡಿದ್ದಾರೆ. ಬೆಳವಣಿಗೆ ಮುಗಿದಾಗ 30 ಡಿಗ್ರಿಯ ಒಳಗಿದ್ದ ಬಾಗು ಬಹುಪಾಲು ಅಲ್ಲೇ ನಿಂತಿತು. ಎದೆಭಾಗದಲ್ಲಿ 50 ದಾಟಿದ ಬಾಗು ದೊಡ್ಡವರಾದ ಮೇಲೂ ಸರಾಸರಿ ವರ್ಷಕ್ಕೆ ಒಂದು ಡಿಗ್ರಿಯಷ್ಟು ಹೆಚ್ಚುತ್ತಾ ಹೋಯಿತು. ಹದಿನೈದು ವರ್ಷದಲ್ಲಿ 50 ಇದ್ದರೆ ನಲವತ್ತೈದಕ್ಕೆ ಎಲ್ಲಿಗೆ ಮುಟ್ಟೀತು ಎಂದು ನೀವೇ ಲೆಕ್ಕ ಹಾಕಿ. ಆಗಿನ ಆಪರೇಷನ್ ಈಗಿನಷ್ಟು ಸುಲಭವಲ್ಲ.

ಹಾಗಂತ ‘ಉಸಿರು ಕಟ್ಟುತ್ತೆ, ಕಾಲು ಬಿದ್ದುಹೋಗುತ್ತೆ’ ಎಂದು ಯಾರಾದರೂ ಹೆದರಿಸಿದರೆ ನಂಬಬೇಡಿ. ಶ್ವಾಸಕೋಶಕ್ಕೆ ಗಣನೀಯ ತೊಂದರೆ ಶುರುವಾಗುವುದು ಸಾಮಾನ್ಯವಾಗಿ ಎದೆಯ ಬಾಗು 70-80 ಡಿಗ್ರಿ ದಾಟಿದ ಮೇಲೆ. ಈ ವಯಸ್ಸಿನಲ್ಲಿ ಬರುವ ಮಾಮೂಲಿ ಸ್ಕೋಲಿಯೋಸಿಸ್ ತಾನಾಗಿ ಲಕ್ವ ತರುವುದಿಲ್ಲ.

ನಿಮ್ಮ ಅತ್ತೆಯವರ ಮಾತಿಗೆ ಬರುತ್ತೇನೆ. ಬ್ಯಾಗಿನ ಭಾರದಿಂದ ಭುಜ, ಕತ್ತು ನೋಯಬಹುದು. ಮೂಳೆ ಹೀಗೆ ತಿರುಚಿಕೊಳ್ಳುವುದಿಲ್ಲ. ಕೂರುವ ಭಂಗಿ, ಮಲಗುವ ಭಂಗಿ, ಹಾಲು ಕುಡಿಯದ್ದು, ಒಂದೇ ಕಡೆ ಬ್ಯಾಗ್ ಹಾಕಿಕೊಂಡದ್ದು, ಯಾವುದೂ ಇದಕ್ಕೆ ಕಾರಣವಲ್ಲ. ಹತ್ತರಿಂದ ಹದಿನೆಂಟು ವಯಸ್ಸಿನ ಮಕ್ಕಳಲ್ಲಿ ನೂರಕ್ಕೆ ಎರಡು ಮೂರು ಮಂದಿಗೆ 10 ಡಿಗ್ರಿ ಮೀರಿದ ಬಾಗು ಇರುತ್ತದೆ. ಬಹುಪಾಲು ಮಕ್ಕಳಲ್ಲಿ ಇಂಥದ್ದೇ ಕಾರಣ ಎಂದು ಬೊಟ್ಟು ಮಾಡಲು ಆಗುವುದಿಲ್ಲ. ಮನೆತನದಲ್ಲಿ ಹರಿದುಬರುವ ಒಲವು ಇದೆ. ದೊಡ್ಡ ಬಾಗು ಹುಡುಗಿಯರಲ್ಲೇ ಬಹಳ ಹೆಚ್ಚು. ನೀವು ಮೊದಲೇ ನೋಡಬೇಕಿತ್ತು ಎಂಬ ಕೊರಗೂ ಬೇಡ. ನೋವಿಲ್ಲದ, ಬಟ್ಟೆಯೊಳಗೆ ಮುಚ್ಚಿಹೋಗುವ ಬಾಗನ್ನು ಜಡೆ ಹಾಕುವಾಗ ಗುರುತಿಸಿದಿರಲ್ಲ, ಅದು ಸಣ್ಣ ಮಾತಲ್ಲ. ಎಣ್ಣೆ ಹಚ್ಚಿ ಮೆಲ್ಲಗೆ ನೀವಿದರೆ ಹಾನಿಯಿಲ್ಲ, ಬಾಗಿಗೆ ಲಾಭವೂ ಇಲ್ಲ. ಆದರೆ ಯಾರ ಕೈಯಲ್ಲೂ ಬೆನ್ನು ಎಳೆಸಿ, ತಿರುಚಿಸಿ, ಮೆಟ್ಟಿಸಬೇಡಿ. ಇದನ್ನು ಅತ್ತೆಯವರಿಗೆ ನನ್ನ ಮಾತಾಗಿಯೇ ಹೇಳಿ.

ಈಗ ಮುಂದಿರುವ ದಾರಿಗಳು.

ಬ್ರೇಸ್, ಅಂದರೆ ಮೈಗೆ ಬಿಗಿಯಾಗಿ ತೊಡುವ ಆಸರೆ ಕವಚ, ಅದರ ಬಗ್ಗೆ ನೀವು ಕೇಳಿಲ್ಲ, ಆದರೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಅಳತೆ ತೆಗೆದು ಮಾಡಿದ ಗಟ್ಟಿ ಬ್ರೇಸ್ ಕೆಲಸ ಮಾಡುತ್ತದೆ, ಅದಕ್ಕೆ ಪುರಾವೆ ಇದೆ. 2013ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಬ್ರೇಸ್ ಹಾಕಿದವರಲ್ಲಿ 72% ಮಂದಿಯ ಬಾಗು 50 ಡಿಗ್ರಿ ಮುಟ್ಟದೆ ನಿಂತಿತು, ಹಾಕದವರಲ್ಲಿ 48% ಮಂದಿಯದು. ದಿನಕ್ಕೆ ಹದಿಮೂರು ಗಂಟೆಯಷ್ಟು ಅಥವಾ ಜಾಸ್ತಿ ಹಾಕಿದವರಿಗೆ ಫಲ ಇನ್ನೂ ಚೆನ್ನಾಗಿತ್ತು. ಆದರೆ ಆ ಮಕ್ಕಳ ಬಾಗು 20ರಿಂದ 40 ಡಿಗ್ರಿಯೊಳಗೆ ಇತ್ತು. ನಿಮ್ಮ ಮಗಳು ಆ ಗೆರೆ ದಾಟಿದ್ದಾಳೆ. ಬ್ರೇಸ್ ಬಾಗನ್ನು ತಡೆಯುತ್ತದೆ, ತಿದ್ದುವುದಿಲ್ಲ. 45ರಲ್ಲಿ ತಡೆದು ನಿಲ್ಲಿಸುವ ಭರವಸೆ ಕಮ್ಮಿ. ಬೇಸಿಗೆಯಲ್ಲಿ ದಿನವಿಡೀ ಅದನ್ನು ತೊಟ್ಟು ಶಾಲೆಗೆ ಹೋಗುವುದು ಈ ವಯಸ್ಸಿನ ಹುಡುಗಿಗೆ ದೊಡ್ಡ ಹೊರೆ. ಅಷ್ಟು ಹೊರೆ ಹೊರಿಸಿ ಇಷ್ಟು ಕಮ್ಮಿ ಭರವಸೆ ಕೊಡಲು ನನಗೆ ಮನಸ್ಸಿಲ್ಲ. ಆನ್‌ಲೈನಿನಲ್ಲಿ ಸಿಗುವ ಭುಜ ಎಳೆಯುವ ಬೆಲ್ಟಂತೂ ಸುಮ್ನೆ ದುಡ್ಡು ದಂಡ. ಸ್ಕೋಲಿಯೋಸಿಸ್‌ಗೆಂದೇ ಇರುವ ವ್ಯಾಯಾಮ, ಯೋಗ, ಈಜು ಎಲ್ಲವೂ ಒಳ್ಳೆಯದೇ. ಸ್ನಾಯು ಗಟ್ಟಿಯಾಗುತ್ತದೆ, ಉಸಿರು ಚೆನ್ನಾಗಿರುತ್ತದೆ. ಈ ಗಾತ್ರದ ಬಾಗಿಗೆ ಅವು ಆಪರೇಷನ್ನಿನ ಬದಲಿ ಅಲ್ಲ.

ಆಪರೇಷನ್ ಎಂದರೆ ಏನು? ಬೆನ್ನಿನ ಹಿಂಭಾಗದಿಂದ ಮಣಿಗಳಿಗೆ ಸ್ಕ್ರೂ ಹಾಕಿ, ಎರಡು ರಾಡ್ ಜೋಡಿಸಿ, ಬಾಗನ್ನೂ ತಿರುಚನ್ನೂ ತಿದ್ದುತ್ತೇವೆ. ಆಮೇಲೆ ಆ ಮಣಿಗಳು ಒಂದಕ್ಕೊಂದು ಬೆಸೆದುಕೊಳ್ಳಲಿ ಎಂದು ಮೂಳೆಯ ಚೂರು ಹರಡುತ್ತೇವೆ. ಆರು ತಿಂಗಳಿಂದ ಒಂದು ವರ್ಷದಲ್ಲಿ ಅದು ಒಂದೇ ಗಟ್ಟಿ ಮೂಳೆಯಾಗುತ್ತದೆ. ಬಾಗು ಸೊನ್ನೆ ಆಗುವುದಿಲ್ಲ. ಮೂರರಲ್ಲಿ ಎರಡು ಪಾಲಿನಷ್ಟು ತಿದ್ದಿದರೆ ಒಳ್ಳೆಯ ಫಲಿತಾಂಶ. 45 ಇದ್ದದ್ದು 15ರ ಆಸುಪಾಸಿಗೆ ಬರಬಹುದು. ಸೊನ್ನೆ ಮಾಡಬೇಕೆಂಬ ಹಟವೂ ಒಳ್ಳೆಯದಲ್ಲ. ಎದೆಯ ಬಾಗನ್ನು ಅತಿಯಾಗಿ ತಿದ್ದಿದರೆ ಎಡಭುಜ ಮೇಲೇರಿ ಕನ್ನಡಿಯಲ್ಲಿ ಹೊಸ ಓರೆ ಕಾಣಬಹುದು. ತಲೆ ಸೊಂಟದ ನಡುಮಧ್ಯಕ್ಕೆ ಸರಿಯಾಗಿ ನಿಲ್ಲಬೇಕು, ಭುಜಗಳು ಸಮನಾಗಿರಬೇಕು. ನನಗೆ ಅದು ಉಳಿದ ಐದಾರು ಡಿಗ್ರಿಗಿಂತ ಮುಖ್ಯ.

‘ಬಗ್ಗೋಕೆ ಆಗುತ್ತಾ’ ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಲೆಂಕೆ 1ಎ ಎಂಬ ಸಾಲಿನಲ್ಲಿದೆ. 2001ರಲ್ಲಿ ಬಂದ ಈ ವರ್ಗೀಕರಣ ಯಾವ ಬಾಗು ಗಟ್ಟಿ, ಯಾವುದು ಮೆದು ಎಂದು ನೋಡುತ್ತದೆ. ಮಗುವನ್ನು ಎಡಕ್ಕೂ ಬಲಕ್ಕೂ ಬಗ್ಗಿಸಿ ಎಕ್ಸ್‌ರೇ ತೆಗೆಯುತ್ತಾರೆ. ಬಗ್ಗಿದಾಗಲೂ 25 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚು ಉಳಿದರೆ ಆ ಬಾಗು ಗಟ್ಟಿ ಎಂದು ಲೆಕ್ಕ. 1 ಎಂದರೆ ಎದೆಭಾಗದ ಬಾಗು ಮಾತ್ರ ಗಟ್ಟಿ. ಎ ಎಂದರೆ ಸೊಂಟದ ಭಾಗ ನಡುಗೆರೆಯಿಂದ ಹೆಚ್ಚೇನೂ ಸರಿದಿಲ್ಲ. ಇದು ನಿಮ್ಮ ರಿಪೋರ್ಟಿನಲ್ಲಿರುವ ಅತ್ಯಂತ ಸಮಾಧಾನದ ಸಾಲು. ಬೆಸುಗೆ ಬಹುಪಾಲು ಎದೆಭಾಗದಲ್ಲೇ ಮುಗಿಯುತ್ತದೆ, ಸೊಂಟದ ಮೇಲಿನ ಒಂದೆರಡು ಮಣಿ ಸೇರಬಹುದು. ನಾವು ಬಗ್ಗುವುದು ಹೆಚ್ಚಾಗಿ ಸೊಂಟದ ಕೆಳಮಣಿಗಳಿಂದ ಮತ್ತು ತೊಡೆಯ ಕೀಲಿನಿಂದ. ಅವು ಹಾಗೇ ಉಳಿದರೆ ಶೂ ಲೇಸ್ ಕಟ್ಟಿಕೊಳ್ಳಲು, ನೆಲದ ಮೇಲೆ ಕೂತು ಊಟ ಮಾಡಲು, ಗುಡಿಸಲು ತೊಂದರೆ ಇರುವುದಿಲ್ಲ. ನಡು ಬೆನ್ನನ್ನು ಬಳುಕಿಸುವ ಕೆಲವು ಆಸನ, ಜಿಮ್ನಾಸ್ಟಿಕ್ಸ್ ಮೊದಲಿನಂತೆ ಬರಲಿಕ್ಕಿಲ್ಲ. ನಿಮ್ಮ ಬಳಿ ಬಗ್ಗಿಸಿ ತೆಗೆದ ಫಿಲ್ಮ್ ಇದೆಯಾ ನೋಡಿ. ಇಲ್ಲದಿದ್ದರೆ ಆ ‘1ಎ’ ಸದ್ಯಕ್ಕೆ ಅಂದಾಜು, ಆಪರೇಷನ್‌ಗೆ ಮುಂಚೆ ಖಚಿತವಾಗಬೇಕು. ಸರ್ಜನ್ ಅವರನ್ನು ನೇರವಾಗಿ ಕೇಳಿ: ಯಾವ ಮಣಿಯಿಂದ ಯಾವ ಮಣಿವರೆಗೆ ಬೆಸೆಯುತ್ತೀರಿ, ಕೆಳಗೆ ಎಷ್ಟು ಮಣಿ ಉಳಿಯುತ್ತದೆ, ಅಲ್ಲೇ ಯಾಕೆ ನಿಲ್ಲಿಸುತ್ತೀರಿ?

ಅಪಾಯಗಳನ್ನು ಮುಚ್ಚಿಡುವುದಿಲ್ಲ. ಎಲ್ಲರೂ ಹೆದರುವುದು ನರಕ್ಕೆ ಪೆಟ್ಟು ಬಿದ್ದು ಕಾಲಿನ ಶಕ್ತಿ ಹೋಗುವುದಕ್ಕೆ. ಈ ವಯಸ್ಸಿನ, ಈ ಬಗೆಯ ಬಾಗಿನಲ್ಲಿ ಅದು ನೂರಕ್ಕೆ ಒಂದಕ್ಕಿಂತ ಕಡಿಮೆ. ಆದರೂ ಸೊನ್ನೆಯಲ್ಲ. ಆಪರೇಷನ್ ಉದ್ದಕ್ಕೂ ನರಗಳ ಸಂಕೇತ ಗಮನಿಸುವ ನ್ಯೂರೋಮಾನಿಟರಿಂಗ್ ಇಲ್ಲದ ಕಡೆ ಇದನ್ನು ಮಾಡಿಸಬೇಡಿ. ಈ ಒಂದು ವಿಷಯದಲ್ಲಿ ನನ್ನದು ಖಡಾಖಂಡಿತ ಮಾತು. ಸೋಂಕು ನೂರರಲ್ಲಿ ಒಬ್ಬಿಬ್ಬರಿಗೆ ಬರುತ್ತದೆ. ರಕ್ತ ಹೋಗುತ್ತದೆ, ಈಗ ಅದನ್ನು ಕಮ್ಮಿ ಮಾಡುವ ಔಷಧ ಕೊಡುತ್ತೇವೆ. ಬೆಸುಗೆ ಕೂಡದೆ, ಸ್ಕ್ರೂ ಸಡಿಲವಾಗಿ, ಬೇರೆ ಭಾಗದಲ್ಲಿ ಬಾಗು ಹೆಚ್ಚಿ, ಮುಂದೊಂದು ದಿನ ಮತ್ತೆ ಆಪರೇಷನ್ ಬೇಕಾಗುವವರೂ ಕೆಲವರಿದ್ದಾರೆ. ಎಲ್ಲ ಸರಿಯಾಗಿ ನಡೆದರೆ ಒಂದೆರಡು ದಿನದಲ್ಲಿ ಎಬ್ಬಿಸಿ ನಡೆಸುತ್ತೇವೆ, ವಾರದೊಳಗೆ ಮನೆ, ತಿಂಗಳು ಒಂದೂವರೆ ತಿಂಗಳಲ್ಲಿ ಶಾಲೆ. ಮೊದಲ ವಾರದ ನೋವು ಜೋರಾಗಿಯೇ ಇರುತ್ತದೆ. ಅದನ್ನು ಮಗಳಿಗೆ ಮೊದಲೇ ಹೇಳಬೇಕು.

ಬೆಸೆಯದೆ ಹಗ್ಗದಂಥ ಪಟ್ಟಿ ಕಟ್ಟಿ ಬೆಳವಣಿಗೆಯಿಂದಲೇ ಬಾಗು ತಿದ್ದುವ ಟೆದರಿಂಗ್ ಎಂಬ ವಿಧಾನಕ್ಕೆ ಅಮೆರಿಕದಲ್ಲಿ 2019ರಲ್ಲಿ ಸೀಮಿತ ಅನುಮತಿ ಸಿಕ್ಕಿದೆ. ಚಲನೆ ಉಳಿಯುತ್ತದೆ, ಆದರೆ ಮತ್ತೆ ಆಪರೇಷನ್ ಬೇಕಾಗುವ ಸಾಧ್ಯತೆ ಬೆಸುಗೆಗಿಂತ ಜಾಸ್ತಿ. ನಿಮ್ಮ ಮಗಳಲ್ಲಿ ಉಳಿದಿರುವ ಬೆಳವಣಿಗೆ ಅದಕ್ಕೆ ಸಾಲದು ಅನ್ನಿಸುತ್ತದೆ.

ಮದುವೆ, ಮಕ್ಕಳ ವಿಷಯದಲ್ಲಿ ಚಿಂತೆ ಬಿಡಿ. ಬೆನ್ನು ಬೆಸೆದ ಹೆಣ್ಣುಮಕ್ಕಳು ಗರ್ಭಿಣಿಯರಾಗುತ್ತಾರೆ, ಎಷ್ಟೋ ಜನರಿಗೆ ಸಹಜ ಹೆರಿಗೆಯೂ ಆಗುತ್ತದೆ. ರಾಡ್ ಸೊಂಟದ ಕೆಳಗಿನವರೆಗೂ ಇದ್ದರೆ ಬೆನ್ನಿಗೆ ಕೊಡುವ ಅರಿವಳಿಕೆ ಇಂಜೆಕ್ಷನ್ ಕಷ್ಟ, ಎದೆಭಾಗದಲ್ಲೇ ನಿಂತಿದ್ದರೆ ಸಾಮಾನ್ಯವಾಗಿ ಸಾಧ್ಯ. ಆಪರೇಷನ್ ಕಾಗದ ಜೋಪಾನವಾಗಿಟ್ಟು ಆಗ ತೋರಿಸಬೇಕು, ಅಷ್ಟೇ.

ನನ್ನ ಅಭಿಪ್ರಾಯ ಕೇಳಿದರೆ, ನಿಮಗೆ ಸಲಹೆ ಕೊಟ್ಟ ಇಬ್ಬರು ಡಾಕ್ಟರೂ ತಪ್ಪು ಹೇಳಿಲ್ಲ. 45 ಡಿಗ್ರಿ, ರಿಸ್ಸರ್ 2 ಇರುವಾಗ ಈ ಬಾಗು 50ರ ಕಡೆ ಹೋಗುವ ಸಂಭವ ಹೆಚ್ಚು. ಮುಂದೆ ಆಪರೇಷನ್ ಆಗಬಹುದು ಎಂದು ಮನಸ್ಸು ಸಿದ್ಧ ಮಾಡಿಕೊಳ್ಳಿ. ಆದರೆ ಇದು ತುರ್ತಲ್ಲ. ನಾಲ್ಕು ತಿಂಗಳು ಕಾದು 45 ಇದ್ದದ್ದು 51 ಆದರೂ ಆಪರೇಷನ್ ಅದರಿಂದ ಕಷ್ಟವಾಗುವುದಿಲ್ಲ. ವರ್ಷಗಟ್ಟಲೆ ಕೈಬಿಟ್ಟು 80 ಆದರೆ ಆಗುತ್ತದೆ. ಹಾಗಾಗಿ ನಾನಾದರೆ ನಾಲ್ಕು ತಿಂಗಳು ಬಿಟ್ಟು ಒಂದು ಸರಿಯಾದ ಫಿಲ್ಮ್ ತೆಗೆಸುತ್ತೇನೆ. 5 ಡಿಗ್ರಿಗಿಂತ ಹೆಚ್ಚು ಏರಿದ್ದರೆ ತಡ ಮಾಡುವುದಿಲ್ಲ. ಏರದಿದ್ದರೆ ಇನ್ನೂ ನಾಲ್ಕು ತಿಂಗಳು. ಉಬ್ಬಿನಿಂದಾಗಿ ಅವಳು ಡ್ಯಾನ್ಸಿಗೆ ಹೋಗುವುದು ಬಿಟ್ಟಿದ್ದಾಳೆ, ದುಪಟ್ಟಾ ಇಲ್ಲದೆ ಹೊರಗೆ ಬರುವುದಿಲ್ಲ ಎಂದಿದ್ದರೆ, ಈಗಲೇ ಮಾಡಿಸುವುದೂ ನ್ಯಾಯವೇ. ಅವಳನ್ನೇ ಕೇಳಿ. ಹದಿಮೂರು ವರ್ಷದ ಹುಡುಗಿಗೆ ತನ್ನ ಬೆನ್ನಿನ ಬಗ್ಗೆ ಅಭಿಪ್ರಾಯ ಇದ್ದೇ ಇರುತ್ತದೆ, ಡಾಕ್ಟರ ಮುಂದೆ ಅಮ್ಮ ಮಾತಾಡುತ್ತಿರುವಾಗ ಅವಳು ಹೇಳುವುದಿಲ್ಲ.

ಆ ಫಿಲ್ಮ್ ಬೆಂಗಳೂರಿನ ಅದೇ ಜಾಗದಲ್ಲಿ, ನಿಲ್ಲಿಸಿ, ಬರಿಗಾಲಲ್ಲಿ, ಸಾಧ್ಯವಾದರೆ ಹಿಂದಿನ ಸಲದ ಹೊತ್ತಿಗೇ ತೆಗೆಸಿ. ಬೆಳಗ್ಗೆಗಿಂತ ಸಂಜೆ ಬಾಗು ಸ್ವಲ್ಪ ಹೆಚ್ಚು ಕಾಣುತ್ತದೆ. ಕಿರಣ ಬೆನ್ನ ಕಡೆಯಿಂದ ಬರುವಂತೆ ತೆಗೆಯಲು ಹೇಳಿ, ಬೆಳೆಯುವ ಎದೆಗೆ ಬೀಳುವ ಕಿರಣ ಅದರಿಂದ ಕಮ್ಮಿಯಾಗುತ್ತದೆ. ನಡುವೆ ಸಮಾಧಾನಕ್ಕೆಂದು ಬೇರೆ ಕಡೆ ಎಕ್ಸ್‌ರೇ ತೆಗೆಸಬೇಡಿ. ಪ್ರಿಂಟ್ ಜೊತೆ ಸಿಡಿಯನ್ನೂ ಕೇಳಿ ಪಡೆಯಿರಿ. ಹಳೆಯದು ಹೊಸದು ಎರಡನ್ನೂ ಒಬ್ಬರೇ ಡಾಕ್ಟರು, ಅದೇ ಮಣಿಗಳನ್ನು ಹಿಡಿದು, ಪಕ್ಕಪಕ್ಕದಲ್ಲಿಟ್ಟು ಅಳೆಯಲಿ.

ಖರ್ಚಿನ ಬಗ್ಗೆ ನೀವು ಬರೆದಿಲ್ಲ. ಸ್ಕ್ರೂ, ರಾಡ್‌ನಿಂದಾಗಿ ಇದು ದುಬಾರಿ ಆಪರೇಷನ್. ರೇಷನ್ ಕಾರ್ಡ್, ಆಧಾರ್ ಹಿಡಿದು ಜಿಲ್ಲಾ ಸರ್ಕಾರಿ ಆಸ್ಪತ್ರೆಗೆ ಹೋಗಿ, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಏನು ಸಿಗುತ್ತದೆ, ರೆಫರಲ್ ಪತ್ರ ಯಾವ ಆಸ್ಪತ್ರೆಗೆ ಕೊಡುತ್ತಾರೆ ಎಂದು ಈಗಲೇ ವಿಚಾರಿಸಿ. ಈ ನಾಲ್ಕು ತಿಂಗಳು ಅದಕ್ಕೂ ಬೇಕಾಗುತ್ತದೆ.

ನೋವಿಲ್ಲದೆ, ಬಲಕ್ಕೆ ಬಾಗಿರುವ ಎದೆಭಾಗದ ಸ್ಕೋಲಿಯೋಸಿಸ್ ಎಲ್ಲಕ್ಕಿಂತ ಸಾಮಾನ್ಯವಾದ ಬಗೆ. ಎಡಕ್ಕೆ ಬಾಗಿದ್ದರೆ, ಬಹಳ ಬೇಗ ಹೆಚ್ಚಿದರೆ, ಪ್ರತಿವರ್ತನಗಳಲ್ಲಿ (ಮಂಡಿ ತಟ್ಟಿದಾಗ ಕಾಲು ತಾನಾಗಿ ಚಿಮ್ಮುವಂಥವು) ವ್ಯತ್ಯಾಸ ಕಂಡರೆ ಬೆನ್ನುಹುರಿಯೊಳಗೆ ಏನಾದರೂ ಇದೆಯಾ ಎಂದು ಎಂ.ಆರ್.ಐ. ಮಾಡಿಸುತ್ತೇವೆ. ಆಪರೇಷನ್‌ಗೆ ಮುಂಚೆ ಅನೇಕ ಸರ್ಜನ್‌ಗಳು ಎಲ್ಲರಿಗೂ ಮಾಡಿಸುತ್ತಾರೆ. ಕಾಯುವ ಈ ಸಮಯದಲ್ಲಿ ಅವಳಿಗೆ ಕಾಲು ಜೋಮು ಹಿಡಿದರೆ, ನಡೆಯುವಾಗ ಎಡವಿದರೆ, ಮೂತ್ರದ ಹಿಡಿತ ತಪ್ಪಿದರೆ, ರಾತ್ರಿ ಎಚ್ಚರಿಸುವಂಥ ಬೆನ್ನುನೋವು ಬಂದರೆ, ಕೊಟ್ಟ ತಾರೀಖಿಗೆ ಕಾಯದೆ ತಕ್ಷಣ ಡಾಕ್ಟರ ಬಳಿ ಕರೆದುಕೊಂಡು ಹೋಗಿ.